ಕಚೇರಿಯ ಟೇಬಲ್ ಫೋನ್: ಕೆಟ್ಟಿರುವುದು ಯಾವ ಭಾಗ, ಏನೆಂದು ಬರೆದು ತರಿಸಬೇಕು?

ಪ್ರಶ್ನೆ: ಸೋಮವಾರಪೇಟೆ ಕಡೆಯ ಸಹಕಾರ ಸಂಘವೊಂದರ ಕಚೇರಿ ನಮ್ಮದು. ಪ್ಯಾನಾಸೋನಿಕ್ ಕೆಎಕ್ಸ್-ಟಿಇಎಸ್824 ಇಪಿಎಬಿಎಕ್ಸ್ (ಕಚೇರಿಯೊಳಗಿನ ಫೋನ್‌ಗಳನ್ನೆಲ್ಲ ಜೋಡಿಸುವ ಪೆಟ್ಟಿಗೆ) ಇದೆ. ಕಚೇರಿಯ ಏಳು ಟೇಬಲ್‌ಗಳಿಗೆ ಮತ್ತು ಕಾಫಿ ತೋಟದ ಆಚೆ 150 ಮೀಟರ್ ದೂರದಲ್ಲಿರುವ ಗೊಬ್ಬರದ ಗೋದಾಮಿಗೆ ಸೇರಿ ಎಂಟು ಫೋನ್. ಗೋದಾಮಿನ ವೈರ್ ಮರದಿಂದ ಮರಕ್ಕೆ ಎಳೆದದ್ದು. ಮೇ ತಿಂಗಳ ಗುಡುಗು ಸಿಡಿಲಿನ ನಂತರ ಎರಡು ಫೋನಿನಲ್ಲಿ ಸದ್ದೇ ಇಲ್ಲ, ಇನ್ನೆರಡರಲ್ಲಿ ಬರೀ ಕರಕರ. ಮೈಸೂರಿನಿಂದ ‘ಟೆಲಿಫೋನ್ ವೈರ್ 10’ ಎಂದು ಹೇಳಿ ತರಿಸಿದೆವು, ರಿಸೀವರ್‌ಗೆ ಒಂದೂ ಕೂರಲಿಲ್ಲ. ಅದರಲ್ಲೊಂದನ್ನು ಕಾರ್ಯದರ್ಶಿಯವರ ಡಿಸ್‌ಪ್ಲೇ ಫೋನಿನ ಗೋಡೆ ಕಡೆಗೆ ಹಾಕಿದ ಮೇಲೆ ಅದರ ಡಿಸ್‌ಪ್ಲೇಯೇ ಹೋಯಿತು. ಇನ್ನೂ ಮೂರು ಟೇಬಲ್‌ಗೆ ಫೋನ್ ಬೇಕು. ಎಲ್ಲವನ್ನೂ ಕಿತ್ತು ಐಪಿ ಫೋನ್ (ಕಂಪ್ಯೂಟರಿನ ಲ್ಯಾನ್ ಮೇಲೆ ನಡೆಯುವುದು) ಹಾಕಿಸಿ ಎನ್ನುವವರೂ ಇದ್ದಾರೆ. ಫೈಬರ್ ಬಂದ ಮೇಲೆ ಕರೆಂಟ್ ಹೋದರೆ ಫೋನೂ ಹೋಗುತ್ತಿದೆ. ಏನೇನು ತರಿಸಬೇಕು, ಎಷ್ಟು?

ಉತ್ತರ: ಐದು ಫೋನ್ ಕೆಟ್ಟಿವೆ ಎಂದು ಈಗಲೇ ತೀರ್ಮಾನಕ್ಕೆ ಬರಬೇಡಿ. ಮೇಜಿನ ಮೇಲೆ ಫೋನ್ ಸುಮ್ಮನಾದರೆ ತಪ್ಪು ನಾಲ್ಕು ಜಾಗದಲ್ಲಿ ಎಲ್ಲಾದರೂ ಇರಬಹುದು: ರಿಸೀವರಿನ ಸುರುಳಿ ವೈರ್, ಸೆಟ್, ಗೋಡೆಯ ರೊಸೆಟ್ ಬಾಕ್ಸ್ (ಫೋನಿನ ವೈರ್ ಸಿಕ್ಕಿಸುವ ಡಬ್ಬಿ) ಮತ್ತು ಅದರ ಹಿಂದಿನ ಕೇಬಲ್, ಕೊನೆಗೆ ಇಪಿಎಬಿಎಕ್ಸ್ ಪೋರ್ಟ್. ಇವುಗಳಲ್ಲಿ ಅತಿ ಅಗ್ಗದ್ದು ಸುರುಳಿ ವೈರ್, ಹೆಚ್ಚು ಸಲ ಕೆಡುವುದೂ ಅದೇ. ಕಚೇರಿಗಳಲ್ಲಿ ಮಾತ್ರ ಮೊದಲು ಬದಲಾಗುವುದು ಸೆಟ್. ಯಾವ ಭಾಗ ಎಂದು ಖಚಿತವಾಗುವ ತನಕ ಯಾವ ಆರ್ಡರೂ ಬೇಡ. ಒಂದು ಅರ್ಧ ದಿನ, ಒಂದು ಮಲ್ಟಿಮೀಟರ್, ಸರಿಯಾಗಿ ಕೆಲಸ ಮಾಡುತ್ತಿರುವ ಒಂದು ಸಾದಾ ಫೋನ್, ಇಷ್ಟಿದ್ದರೆ ಸಾಕು. ಆಕಾಶದಲ್ಲಿ ಗುಡುಗು ಕೇಳುವಾಗ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.

ಕರಕರ ಎನ್ನುವ ಎರಡರಿಂದ ಶುರು ಮಾಡಿ. ರಿಸೀವರ್ ಕಿವಿಗಿಟ್ಟುಕೊಂಡು ಸುರುಳಿ ವೈರಿನ ಎರಡೂ ತುದಿಯನ್ನು, ಪಿನ್ ಸೇರುವ ಕುತ್ತಿಗೆಯ ಹತ್ತಿರ, ಬೆರಳಲ್ಲಿ ಅಲ್ಲಾಡಿಸಿ. ಅಲ್ಲಾಡಿಸಿದಾಗ ಸದ್ದು ಬಂದು ಹೋದರೆ ವೈರೇ ಹೋಗಿದೆ. ಅಲ್ಲಾಡಿಸಿದರೂ ಏನೂ ಬದಲಾಗದಿದ್ದರೆ, ಒಂದು ಅಂಕಿ ಒತ್ತಿ ಡಯಲ್ ಟೋನ್ ನಿಲ್ಲಿಸಿ, ಬಾಯಿಯ ಕಡೆಗೆ ಮೆಲ್ಲಗೆ ಊದಿ. ಊದಿದ ಸದ್ದು ನಿಮ್ಮ ಕಿವಿಗೇ ಕೇಳಬೇಕು. ಟೋನ್ ಕೇಳುತ್ತದೆ, ಊದಿದ್ದು ಕೇಳುವುದಿಲ್ಲ ಎಂದಾದರೆ ಮೈಕ್ ಅಥವಾ ಸುರುಳಿ ವೈರಿನ ನಾಲ್ಕು ಎಳೆಗಳಲ್ಲಿ ಮೈಕಿನ ಎಳೆ ಹೋಗಿದೆ. ಬಹುತೇಕ ಸೆಟ್‌ಗಳಲ್ಲಿ ನಡುವಿನ ಎರಡು ಎಳೆ ಕಿವಿಗೆ, ಹೊರಗಿನ ಎರಡು ಮೈಕಿಗೆ. ಸ್ಪೀಕರ್ ಬಟನ್ ಇರುವ ಸೆಟ್ ಆದರೆ ಇನ್ನೂ ಸುಲಭ: ಸ್ಪೀಕರಿನಲ್ಲಿ ಮಾತು ಸ್ವಚ್ಛವಾಗಿದ್ದು ರಿಸೀವರಿನಲ್ಲಿ ಮಾತ್ರ ತೊಂದರೆ ಇದ್ದರೆ ಲೈನ್ ಸರಿಯಿದೆ, ಸೆಟ್ಟೂ ಸರಿಯಿದೆ.

ಸದ್ದೇ ಇಲ್ಲದ ಎರಡಕ್ಕೆ ಮೀಟರ್ ಬೇಕು. ಫೋನ್ ಕಿತ್ತಿಟ್ಟು, ಮೀಟರನ್ನು ಡಿಸಿ 200 ವೋಲ್ಟ್‌ಗೆ ಇಟ್ಟು, ರೊಸೆಟ್‌ನ ಎರಡು ಸ್ಕ್ರೂಗಳ ನಡುವೆ ಅಳೆಯಿರಿ. ಇಪಿಎಬಿಎಕ್ಸ್ ಎಕ್ಸ್‌ಟೆನ್ಶನ್‌ನಲ್ಲಿ 24ರಿಂದ 48 ವೋಲ್ಟ್ ಒಳಗೆ ಏನಾದರೂ ಬರಬೇಕು. ಫೋನ್ ಸಿಕ್ಕಿಸಿ ರಿಸೀವರ್ ಎತ್ತಿದರೆ ಅದು ಸುಮಾರು 6ರಿಂದ 12ಕ್ಕೆ ಇಳಿಯಬೇಕು. ವೋಲ್ಟೇಜ್ ಇದೆ, ಎತ್ತಿದರೂ ಇಳಿಯುವುದಿಲ್ಲ ಎಂದರೆ ಸೆಟ್ ಅಥವಾ ಗೋಡೆಯಿಂದ ಅದಕ್ಕೆ ಹೋಗುವ ಲೈನ್ ವೈರ್ ಹೋಗಿದೆ. ರೊಸೆಟ್‌ನಲ್ಲಿ ಸೊನ್ನೆ ಬಂದರೆ ಸೆಟ್ ಬಿಟ್ಟು ಹಿಂದಕ್ಕೆ ಹೋಗಿ: ಇಪಿಎಬಿಎಕ್ಸ್ ಪೆಟ್ಟಿಗೆಯಲ್ಲಿ ಆ ಪೋರ್ಟಿಗೆ ಹೋದ ಕೇಬಲ್ ತೆಗೆದು, ಸರಿಯಿರುವ ಸಾದಾ ಫೋನನ್ನು ನೇರವಾಗಿ ಅಲ್ಲೇ ಸಿಕ್ಕಿಸಿ. ಅಲ್ಲಿ ಟೋನ್ ಬಂದರೆ ಗೋಡೆಯೊಳಗಿನ ಕೇಬಲ್ ಹೋಗಿದೆ, ಬಾರದಿದ್ದರೆ ಪೋರ್ಟೇ ಸುಟ್ಟಿದೆ. ರಿಂಗ್ ಆಗುವಾಗ ಎರಡು ವೈರಿನ ನಡುವೆ 75 ವೋಲ್ಟ್‌ನಷ್ಟು ಎಸಿ ಇರುತ್ತದೆ. ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ಬರಿಯ ವೈರ್ ಹಿಡಿಯಬೇಡಿ, ಚುರುಕ್ಕೆನ್ನುತ್ತದೆ.

ಕೊಡಗಿನಲ್ಲಿ ಈ ಕರಕರಕ್ಕೆ ಇನ್ನೊಂದು ಕಾರಣ ಬಯಲುಸೀಮೆಗಿಂತ ಬಹಳ ಹೆಚ್ಚು: ತೇವ. ಬೇಸಿಗೆಯಲ್ಲಿ ಸರಿಯಿದ್ದು ಜೂನ್ ಮಳೆ ಹಿಡಿದ ಮೇಲೆ ಕರಕರ ಶುರುವಾಗಿ, ನಾಲ್ಕು ದಿನ ಬಿಸಿಲು ಬಂದರೆ ತಾನಾಗಿ ನಿಲ್ಲುವ ಫೋನಿನಲ್ಲಿ ಸೆಟ್ ಬದಲಿಸಿದರೆ ದುಡ್ಡು ದಂಡ. ಆ ಟೇಬಲ್‌ನ ರೊಸೆಟ್ ಬಿಚ್ಚಿ ನೋಡಿ. ಸ್ಕ್ರೂ ಸುತ್ತ ಹಸಿರು ಕಿಲುಬು ಹಿಡಿದಿರುತ್ತದೆ, ಇಲ್ಲವೇ ಒಳಗೆ ಇರುವೆ ಗೂಡು ಕಟ್ಟಿ ಮಣ್ಣು ತುಂಬಿರುತ್ತದೆ. ಕಿಲುಬು ಕೆರೆದು ಮತ್ತೆ ಬಿಗಿದರೆ ಒಂದು ಮಳೆಗಾಲವೂ ಬಾಳುವುದಿಲ್ಲ. ವೈರನ್ನು ಹೊಳಪಿನ ತಾಮ್ರ ಕಾಣುವ ತನಕ ಹಿಂದಕ್ಕೆ ಕತ್ತರಿಸಿ, ಹೊಸ ರೊಸೆಟ್ ಹಾಕಿ. ಮಳೆ ಬಡಿಯುವ ಹೊರಗೋಡೆಯ ಒಳಮೈಗೆ ರೊಸೆಟ್ ಹೊಡೆಯಲೇಬಾರದು. ನಡುಗೋಡೆಗೋ ಟೇಬಲ್‌ನ ಕಾಲಿಗೋ ಒಂದು ಮರದ ತುಂಡು ಹೊಡೆದು ಅದರ ಮೇಲೆ ಕೂರಿಸಿ, ಕೇಬಲ್ ಕೆಳಗಿನಿಂದ ಒಳಗೆ ಬರಲಿ. ಗೋಡೆಯೊಳಗಿನ ಕೇಬಲ್ ಮೇಲೆ ಅನುಮಾನ ಇದ್ದರೆ ಎರಡೂ ತುದಿ ಬಿಡಿಸಿ, ಮೀಟರನ್ನು 20 ಮೆಗಾಓಮ್‌ಗೆ ಇಟ್ಟು ಎರಡು ಎಳೆಗಳ ನಡುವೆ ಅಳೆಯಿರಿ. ಒಳ್ಳೆಯ ಕೇಬಲ್ ಏನೂ ತೋರಿಸುವುದಿಲ್ಲ. ಕಿಲೋಓಮ್‌ಗಳಲ್ಲಿ ಅಂಕಿ ಬಂದರೆ ಎಲ್ಲೋ ನೀರು ಕುಡಿದಿದೆ, ಅದನ್ನು ಬಿಟ್ಟು ಹೊಸ ಕೇಬಲ್ ಎಳೆಯುವುದೇ ಸರಿ.

ಇನ್ನು ಕೂರದ ಹತ್ತು ವೈರಿನ ವಿಷಯ. ನಿಮಗೆ ಬಂದದ್ದು ಗೋಡೆಯಿಂದ ಸೆಟ್‌ಗೆ ಹೋಗುವ ಲೈನ್ ವೈರ್. ಅದರ ತುದಿಯ ಆರ್‌ಜೆ11 ಪಿನ್ ಸುಮಾರು 9.65 ಮಿಲಿಮೀಟರ್ ಅಗಲ. ರಿಸೀವರಿನ ಪಿನ್ ಬೇರೆ, 7.65 ಮಿಲಿಮೀಟರ್. ಅದಕ್ಕೆ 4ಪಿ4ಸಿ ಎನ್ನುತ್ತಾರೆ, ಅಂಗಡಿಗಳಲ್ಲಿ ಆರ್‌ಜೆ9 ಅಂದರೆ ಬೇಗ ಅರ್ಥವಾಗುತ್ತದೆ. ಒತ್ತಿ ಕೂರಿಸಲು ಹೋಗಿ ರಿಸೀವರಿನ ಜ್ಯಾಕ್ ಮುರಿದಿಲ್ಲ ತಾನೆ, ನೋಡಿ. ಆ ಹತ್ತನ್ನೂ ಎಸೆಯಬೇಡಿ, ಸಾದಾ ಸೆಟ್‌ಗಳ ಗೋಡೆ ಕಡೆಗೆ ಅವೇ ಸಾಕು. ಅಷ್ಟರಮಟ್ಟಿಗೆ ಈಗಿನ ಆರ್ಡರಿನಲ್ಲಿ ಲೈನ್ ವೈರ್ ಬೇಕಾಗುವುದಿಲ್ಲ.

ಕಾರ್ಯದರ್ಶಿಯವರ ಫೋನಿಗೆ ಮಾತ್ರ ಅದು ಆಗುವುದಿಲ್ಲ. ಟಿಇಎಸ್824ಕ್ಕೆ ಸೇರುವ ಡಿಸ್‌ಪ್ಲೇ ಸೆಟ್, ಉದಾಹರಣೆಗೆ ಕೆಎಕ್ಸ್-ಟಿ7730, ನಾಲ್ಕು ಎಳೆ ಕೇಳುತ್ತದೆ: ಮಾತಿಗೆ ನಡುವಿನ ಎರಡು, ಡೇಟಾಗೆ ಅದರ ಆಚೀಚೆಯ ಎರಡು. ನೀವು ಹಾಕಿದ ವೈರಿನ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದರೆ ಆರು ತೊಟ್ಟಿಗಳಲ್ಲಿ ಎರಡರಲ್ಲಿ ಮಾತ್ರ ಹಿತ್ತಾಳೆ ಬಣ್ಣದ ಪಟ್ಟಿ ಕಾಣುತ್ತದೆ. ಡೇಟಾ ಎಳೆಯೇ ಇಲ್ಲದ ಮೇಲೆ ಡಿಸ್‌ಪ್ಲೇ ಎಲ್ಲಿಂದ ಬರಬೇಕು? ಹಳೆಯ ವೈರ್ ಇನ್ನೂ ಇದ್ದರೆ ಅದನ್ನೇ ಮರಳಿ ಹಾಕಿ, ಇಲ್ಲವೇ ನಾಲ್ಕು ಪಟ್ಟಿಯ 6ಪಿ4ಸಿ ವೈರ್ ಎರಡು ತರಿಸಿ. ಗೋಡೆಯೊಳಗೂ ಆ ಟೇಬಲ್‌ಗೆ ಎರಡು ಜೊತೆ ಎಳೆ ಬಂದಿರಬೇಕು. ಇದೇ ಕಂಪನಿಯ ಡಿಜಿಟಲ್ ಸೆಟ್ ಅಗ್ಗಕ್ಕೆ ಸಿಕ್ಕಿತು ಎಂದು ಯಾರಾದರೂ ತಂದುಕೊಟ್ಟರೂ ಕೊಳ್ಳಬೇಡಿ. ಟಿಇಎಸ್824 ಅನಲಾಗ್ ಪೆಟ್ಟಿಗೆ, ಕೆಎಕ್ಸ್-ಡಿಟಿ ಎಂದು ಶುರುವಾಗುವ ಡಿಜಿಟಲ್ ಸೆಟ್‌ಗಳು ಅದರಲ್ಲಿ ಏಳುವುದಿಲ್ಲ.

ಸುರುಳಿ ವೈರ್ ತರಿಸುವಾಗ ಉದ್ದ ಹೇಳುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಅಂಗಡಿಯವರು ಹೇಳುವ ಅಡಿ ಪೂರ್ತಿ ಎಳೆದಾಗಿನ ಉದ್ದ. 7 ಅಡಿ ಎಂದದ್ದು ಸುರುಳಿಯಾಗಿ ಮೇಜಿನ ಮೇಲಿದ್ದಾಗ ಒಂದು ಅಡಿಯ ಆಸುಪಾಸು. ಎದ್ದು ಬೀರುವಿನ ಕಡತ ತೆಗೆಯುತ್ತಾ ಮಾತಾಡುವ ಟೇಬಲ್‌ಗೆ 12 ಅಡಿಯದು, ಉಳಿದವಕ್ಕೆ 7 ಸಾಕು. 25 ಅಡಿಯದು ನೆಲಕ್ಕೆ ಬಿದ್ದು ಕುರ್ಚಿಯ ಚಕ್ರಕ್ಕೆ ಸಿಗುತ್ತದೆ. ವೈರ್ ಎಷ್ಟು ಬೇಕೋ ಅಷ್ಟೇ ತರಿಸಬೇಡಿ. ಪರೀಕ್ಷೆಯಲ್ಲಿ ನಾಲ್ಕು ಕೆಟ್ಟಿದ್ದರೆ ಆರು ತರಿಸಿ. ಒಂದೇ ವರ್ಷ ಕೊಂಡ ವೈರ್‌ಗಳು ಹೆಚ್ಚುಕಡಿಮೆ ಒಟ್ಟಿಗೇ ಹೋಗುತ್ತವೆ.

ಆರ್ಡರನ್ನು ಬಾಯಲ್ಲಿ ಹೇಳದೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ಜೊತೆಗೆ ಮೂರು ಫೋಟೊ: ಸೆಟ್‌ನ ತಳದ ಲೇಬಲ್, ಹಳೆಯ ವೈರಿನ ಎರಡೂ ತುದಿಯ ಪಿನ್ ಹತ್ತಿರದಿಂದ, ಪಿನ್ ಪಕ್ಕ ಮಿಲಿಮೀಟರ್ ಕಾಣುವಂತೆ ಒಂದು ಸ್ಕೇಲ್. ಬರಹ ಹೀಗಿರಲಿ: “ರಿಸೀವರ್ ಸುರುಳಿ ವೈರ್, ಎರಡೂ ತುದಿ 4ಪಿ4ಸಿ (ಆರ್‌ಜೆ9), ಕಪ್ಪು, ಎಳೆದಾಗ 7 ಅಡಿ, 5. ಅದೇ 12 ಅಡಿ, 1. ಲೈನ್ ವೈರ್, ಎರಡೂ ತುದಿ ಆರ್‌ಜೆ11, ನಾಲ್ಕು ಪಟ್ಟಿ (6ಪಿ4ಸಿ), 2 ಮೀಟರ್, 2. ರೊಸೆಟ್ ಬಾಕ್ಸ್, ಆರ್‌ಜೆ11, ಸ್ಕ್ರೂ ಟರ್ಮಿನಲ್, 12. ಒಳಾಂಗಣ ಟೆಲಿಫೋನ್ ಕೇಬಲ್, 2 ಜೊತೆ, 0.5 ಮಿಮೀ ತಾಮ್ರ, 1 ಸುರುಳಿ. ಯುವೈ ಕನೆಕ್ಟರ್, ಜೆಲ್ಲಿ ತುಂಬಿದ್ದು, 25.” ತಾಮ್ರ ಎಂದು ಬರೆದದ್ದು ಸುಮ್ಮನೆ ಅಲ್ಲ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್ ಅದೇ ಬಣ್ಣದಲ್ಲಿ ಮಾರುಕಟ್ಟೆಯಲ್ಲಿದೆ. ಸ್ಕ್ರೂ ಬಿಗಿದ ಕಡೆ ಮುರಿಯುವುದು, ತೇವಕ್ಕೆ ಬೇಗ ಹಾಳಾಗುವುದು ಅದೇ. ತುದಿಯನ್ನು ಬ್ಲೇಡಿನಲ್ಲಿ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕಳಿಸಿ.

ಯುವೈ ಕನೆಕ್ಟರ್ ಎಂದರೆ ದೂರವಾಣಿ ಲೈನ್‌ಮನ್‌ಗಳು ಬಳಸುವ ಬಟನ್ನಿನಷ್ಟು ದೊಡ್ಡ ಜಾಯಿಂಟ್. ಎಳೆಯ ಸಿಪ್ಪೆ ಸುಲಿಯದೆಯೇ ಎರಡನ್ನೂ ಅದರೊಳಗೆ ತುದಿ ಮುಟ್ಟುವ ತನಕ ತೂರಿಸಿ ಇಕ್ಕಳದಲ್ಲಿ ಒತ್ತಿದರೆ ಒಳಗಿನ ಜೆಲ್ಲಿ ಜಾಯಿಂಟನ್ನು ಮುಚ್ಚುತ್ತದೆ, ತೇವ ಒಳಗೆ ಹೋಗುವುದಿಲ್ಲ. ವೈರ್ ಹೊಸೆದು ಇನ್ಸುಲೇಶನ್ ಟೇಪ್ ಸುತ್ತುವ ಜಾಯಿಂಟ್ ನಮ್ಮ ಮಳೆಗೆ ಲಾಯಕ್ಕಲ್ಲ. ಹಾಗೆಯೇ ಗೋಡೆಯೊಳಗಿನ ಗಟ್ಟಿ ಎಳೆಯ ಕೇಬಲ್‌ಗೆ ನೇರವಾಗಿ ಆರ್‌ಜೆ11 ಪಿನ್ ಕ್ರಿಂಪ್ ಮಾಡಿ ಫೋನಿಗೆ ಸಿಕ್ಕಿಸುವ ಅಭ್ಯಾಸವೂ ಬೇಡ. ಸಾಮಾನ್ಯವಾಗಿ ಸಿಗುವ ಪಿನ್‌ಗಳು ನವಿರಾದ ಎಳೆಗಳ ಚಪ್ಪಟೆ ವೈರಿಗೆಂದೇ ಮಾಡಿದವು. ಗಟ್ಟಿ ಎಳೆಯ ಮೇಲೆ ಅವುಗಳ ಹಲ್ಲು ಸರಿಯಾಗಿ ಕೂರದೆ ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಗಟ್ಟಿ ಕೇಬಲ್ ರೊಸೆಟ್ ತನಕ, ಅಲ್ಲಿಂದ ಕಂಪನಿಯೇ ಪಿನ್ ಹಾಕಿದ ವೈರ್.

ಸಿಡಿಲು ಒಳಗೆ ಬಂದ ದಾರಿ ಯಾವುದು ಎಂಬುದಕ್ಕೆ ನೀವೇ ಸುಳಿವು ಕೊಟ್ಟಿದ್ದೀರಿ. ಮರದಿಂದ ಮರಕ್ಕೆ ಎಳೆದ 150 ಮೀಟರ್ ತಾಮ್ರದ ವೈರ್‌ಗೆ ಸಿಡಿಲು ನೇರವಾಗಿ ಬಡಿಯಬೇಕಾಗಿಲ್ಲ. ಹತ್ತಿರದ ಸಿಲ್ವರ್ ಓಕ್ ಮರಕ್ಕೆ ಬಡಿದರೂ ಆ ವೈರಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪೆಟ್ಟಿಗೆಯ ಬೋರ್ಡಿಗೇ ಬರುತ್ತದೆ. ಮರಕಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವಾಗ ಕೊಂಬೆ ಬಿದ್ದು ತುಂಡಾಗುವುದು ಬೇರೆ. ಮೊದಲು ಆ ವೈರನ್ನು ಇಪಿಎಬಿಎಕ್ಸ್‌ನಿಂದ ಬಿಡಿಸಿಡಿ, ಇವತ್ತೇ. ಬೇರೆ ಎಲ್ಲ ಭಾಗ ಹೊಸದು ಹಾಕಿ ಇದನ್ನು ಹೀಗೇ ಬಿಟ್ಟರೆ ಅಕ್ಟೋಬರ್ ಗುಡುಗಿಗೆ ಮತ್ತೆ ಇದೇ ಪ್ರಶ್ನೆ.

ದೂರದ ಮಟ್ಟಿಗೆ ತೊಂದರೆಯೇ ಇಲ್ಲ. 0.5 ಮಿಲಿಮೀಟರ್ ತಾಮ್ರದ ಜೊತೆ ಎಳೆ ಕಿಲೋಮೀಟರಿಗೆ ಸುಮಾರು 168 ಓಮ್, 150 ಮೀಟರಿಗೆ 25. ಫೋನಿಗೆ ಅದು ಲೆಕ್ಕಕ್ಕೇ ಇಲ್ಲ. ಜೆಲ್ಲಿ ತುಂಬಿದ, ಕಬ್ಬಿಣದ ಕವಚವಿರುವ 5 ಜೊತೆಯ ಕೇಬಲ್ 165 ಮೀಟರ್ ತರಿಸಿ, ಎರಡು ಅಡಿ ಆಳದಲ್ಲಿ ಎಚ್‌ಡಿಪಿಇ ಪೈಪಿನೊಳಗೆ ಹಾಕಿ. ಒಂದೇ ಫೋನಿಗೆ ಐದು ಜೊತೆ ಏಕೆಂದರೆ ಮತ್ತೊಮ್ಮೆ ಮಣ್ಣು ಅಗೆಯುವುದಕ್ಕಿಂತ ನಾಲ್ಕು ಜೊತೆ ಖಾಲಿ ಇಡುವುದು ಅಗ್ಗ. ಎರಡೂ ತುದಿಯಲ್ಲಿ ಮೂರು ಕಾಲಿನ 230 ವೋಲ್ಟ್ ಜಿಡಿ ಟ್ಯೂಬ್ (ಹೆಚ್ಚಿನ ವೋಲ್ಟ್ ಬಂದಾಗ ಅದನ್ನು ಅರ್ತ್‌ಗೆ ಹರಿಸುವ, ಅನಿಲ ತುಂಬಿದ ಕೊಳವೆ) ಇರುವ ಪ್ರೊಟೆಕ್ಟರ್ ಬಾಕ್ಸ್ ಬೇಕು, ನಾಲ್ಕು ಟ್ಯೂಬ್ ಸ್ಪೇರ್. ಅದರ ಅರ್ತ್ ವೈರ್ 6 ಚದರ ಮಿಲಿಮೀಟರ್ ತಾಮ್ರ, ಆದಷ್ಟು ಗಿಡ್ಡ, ಆದಷ್ಟು ನೇರ, ಸುತ್ತಿಡಬಾರದು. ಫೋನಿಗೆಂದು ಬೇರೆ ಅರ್ತ್ ಗುಂಡಿ ತೆಗೆದು ಅದನ್ನು ಕಟ್ಟಡದ ಕರೆಂಟ್ ಅರ್ತ್‌ಗೆ ಜೋಡಿಸದೆ ಬಿಡುವುದು ದೊಡ್ಡ ತಪ್ಪು. ಸಿಡಿಲಿನ ಕ್ಷಣದಲ್ಲಿ ಎರಡು ಅರ್ತ್‌ಗಳ ನಡುವಿನ ವ್ಯತ್ಯಾಸವೇ ಪೆಟ್ಟಿಗೆಯನ್ನು ಸುಡುತ್ತದೆ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿ, 5 ಓಮ್‌ಗಿಂತ ಕಡಿಮೆ ಬರುವಂತೆ ನೋಡಿಕೊಳ್ಳಿ. ಅಳೆಯುವುದು ಏಪ್ರಿಲ್‌ನಲ್ಲಿ, ಮಣ್ಣು ಒಣಗಿದ್ದಾಗ. ಆಗಸ್ಟ್‌ನಲ್ಲಿ ಅಳೆದರೆ ಕೊಡಗಿನ ಯಾವ ಗುಂಡಿಯೂ ಪಾಸ್ ಆಗುತ್ತದೆ. ಜಿಡಿ ಟ್ಯೂಬ್ ತಾನು ಸತ್ತು ಪೆಟ್ಟಿಗೆಯನ್ನು ಉಳಿಸುವ ಭಾಗ, ಸತ್ತಾಗ ಲೈನನ್ನೇ ಶಾರ್ಟ್ ಮಾಡಿಬಿಡಬಹುದು. ಗುಡುಗಿನ ಮರುದಿನ ಗೋದಾಮಿನ ಫೋನ್ ಸುಮ್ಮನಾದರೆ ಮೊದಲು ಟ್ಯೂಬ್ ಕಿತ್ತು ನೋಡಿ. ಕಚೇರಿಯ ಒಳಗಿನ ಫೋನ್‌ಗಳಿಗೆ ಈ ಟ್ಯೂಬ್ ಬೇಡ. ಆ ದುಡ್ಡಿನಲ್ಲಿ ಕರೆಂಟ್ ಬೋರ್ಡಿಗೆ ಒಂದು ಟೈಪ್ 2 ಎಸ್‌ಪಿಡಿ (ಸಿಡಿಲಿನ ವೋಲ್ಟ್ ತಡೆಯುವ ಸಾಧನ) ಹಾಕಿಸಿ, ಸಿಡಿಲು ಬರುವ ಇನ್ನೊಂದು ಬಾಗಿಲು ಅದು.

ಗೋದಾಮಿನಲ್ಲಿ ಬಿಲ್ಲಿಂಗ್ ಕಂಪ್ಯೂಟರೂ ಇದ್ದರೆ ಲೆಕ್ಕ ಬದಲಾಗುತ್ತದೆ. ಲ್ಯಾನ್ ಕೇಬಲ್ 100 ಮೀಟರ್ ದಾಟಬಾರದು, ಆದ್ದರಿಂದ ಅಲ್ಲಿಗೆ ಫೈಬರ್ರೇ ಬೇಕು. ಫೈಬರ್ ಎಳೆದ ಮೇಲೆ ತಾಮ್ರ ಏಕೆ? ಲೋಹದ ತಂತಿ ಇಲ್ಲದ ಫೈಬರ್ ಕೇಳಿ ತರಿಸಿ. ತೂಗಿ ಕಟ್ಟಲು ಉಕ್ಕಿನ ತಂತಿ ಇರುವುದೇ ಸಿಕ್ಕಿದರೆ ಆ ತಂತಿಯನ್ನು ಕಟ್ಟಡದ ಹೊರಗೇ ಕತ್ತರಿಸಿ ನಿಲ್ಲಿಸಿ, ಒಳಗೆ ತರಬೇಡಿ.

ಈಗ ದೊಡ್ಡ ಪ್ರಶ್ನೆ: ಹಳೆಯದನ್ನು ಇಟ್ಟುಕೊಳ್ಳುವುದೋ, ಐಪಿಗೆ ಹೋಗುವುದೋ. ಟಿಇಎಸ್824 ಬರುವಾಗ 3 ಹೊರಲೈನ್, 8 ಎಕ್ಸ್‌ಟೆನ್ಶನ್. ನಿಮಗೆ ಬೇಕಾದದ್ದು 11. ಕೆಎಕ್ಸ್-ಟಿಇ82474 ಎಂಬ ಕಾರ್ಡ್ ಹಾಕಿದರೆ ಸಾದಾ ಫೋನಿನ ಇನ್ನೂ 8 ಪೋರ್ಟ್ ಸಿಗುತ್ತವೆ. ಆದರೆ ಪ್ಯಾನಾಸೋನಿಕ್ ಇಪಿಎಬಿಎಕ್ಸ್ ವ್ಯವಹಾರದಿಂದ ಹಿಂದೆ ಸರಿದಿರುವುದರಿಂದ ಸಿಗುವುದು ಉಳಿದ ಸ್ಟಾಕ್ ಅಥವಾ ಬಿಚ್ಚಿದ ಮಾಲು. ಎಂಟೂ ಪೋರ್ಟ್ ಸರಿಯಿದ್ದು, ಪರೀಕ್ಷಿಸಿ ಕೊಡುವ, ಮೂರು ತಿಂಗಳಾದರೂ ವಾರಂಟಿ ಬರೆದುಕೊಡುವ ಅಂಗಡಿ ಸಿಕ್ಕಿದರೆ ಕಾರ್ಡ್ ಹಾಕಿಸಿ. ಎರಡು ಪೋರ್ಟ್ ಸುಟ್ಟಿದ್ದರೆ ಆ ಬೋರ್ಡಿಗೆ ಇನ್ನು ದುಡ್ಡು ಸುರಿಯಬೇಡಿ, ಸಿಡಿಲು ತಿಂದ ಬೋರ್ಡಿನಲ್ಲಿ ಉಳಿದ ಪೋರ್ಟ್‌ಗಳಿಗೂ ಭರವಸೆ ಇಲ್ಲ. ಆಗ ನನ್ನ ಆಯ್ಕೆ, ಅನಲಾಗ್ ಎಕ್ಸ್‌ಟೆನ್ಶನ್ ಜೊತೆಗೆ ಐಪಿಯನ್ನೂ ಕೊಡುವ ಹೊಸ ಪೆಟ್ಟಿಗೆ. ವಡೋದರದ ಮ್ಯಾಟ್ರಿಕ್ಸ್‌ನಂಥವರು ಇಂಥವನ್ನು ಮಾಡುತ್ತಾರೆ. ನಿಮ್ಮ ಸಾದಾ ಸೆಟ್‌ಗಳು, ಗೋಡೆಯ ಕೇಬಲ್ ಎಲ್ಲ ಹಾಗೇ ಕೆಲಸಕ್ಕೆ ಬರುತ್ತವೆ. ಕಾರ್ಯದರ್ಶಿಯವರ ಡಿಸ್‌ಪ್ಲೇ ಸೆಟ್ ಮಾತ್ರ ಬೇರೆ ಕಂಪನಿಯ ಪೆಟ್ಟಿಗೆಗೆ ಸೇರುವುದಿಲ್ಲ. ಹೊಸ ಮೂರು ಟೇಬಲ್ ಮತ್ತು ಕಾರ್ಯದರ್ಶಿಯವರಿಗೆ ಐಪಿ ಸೆಟ್ ಕೊಡಿ.

ಐಪಿ ಸೆಟ್ ಆರ್ಡರ್ ಮಾಡುವಾಗ ಒಂದೇ ಅಕ್ಷರ ಕಾಡುತ್ತದೆ. ಗ್ರಾಂಡ್‌ಸ್ಟ್ರೀಮ್ ಜಿಆರ್‌ಪಿ2601 ಮತ್ತು ಜಿಆರ್‌ಪಿ2601ಪಿ ನೋಡಲು ಒಂದೇ. ಕೊನೆಯ ‘ಪಿ’ ಇದ್ದದ್ದು ಲ್ಯಾನ್ ಕೇಬಲ್‌ನಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ, ಇಲ್ಲದ್ದಕ್ಕೆ ಅಡಾಪ್ಟರ್ ಬೇಕೇ ಬೇಕು. ‘ಪಿ’ ಕೊಂಡರೆ 802.3ಎಎಫ್ ಎಂದು ಬರೆದ ಪಿಒಇ (ಲ್ಯಾನ್ ಕೇಬಲ್‌ನಲ್ಲೇ ಕರೆಂಟ್ ಕೊಡುವ) ಸ್ವಿಚ್ಚೇ ತರಿಸಿ. ಸಿಸಿಟಿವಿಯವರು ಹಾಕುವ 24 ವೋಲ್ಟಿನ ಪ್ಯಾಸಿವ್ ಪಿಒಇಗೆ ಇದನ್ನು ಸಿಕ್ಕಿಸಬಾರದು. ಅಡಾಪ್ಟರ್‌ಗಳಲ್ಲಿ 5, 12, 48 ವೋಲ್ಟ್ ಎಲ್ಲವೂ ಉಂಟು, ಪಿನ್ ಒಂದೇ ಥರ ಇರಬಹುದು. ಲೇಬಲ್ ಓದದೆ ಸಿಕ್ಕಿಸಿದರೆ ಸೆಟ್ ಒಂದೇ ಕ್ಷಣಕ್ಕೆ ಹೋಗುತ್ತದೆ. ಒಂದು ಕರೆಗೆ ಜಿ.711ರಲ್ಲಿ (ಮಾತನ್ನು ಡೇಟಾ ಮಾಡುವ ಒಂದು ವಿಧಾನ) ಎರಡೂ ದಿಕ್ಕಿಗೆ ತಲಾ ಸುಮಾರು 87 ಕೆಬಿಪಿಎಸ್ ಸಾಕು, ವೇಗ ಯಾರಿಗೂ ಸಮಸ್ಯೆಯಲ್ಲ. ಹೊರಗಿನ ಸಿಪ್ ಲೈನ್ (ಇಂಟರ್‌ನೆಟ್ ಮೂಲಕ ಬರುವ ಫೋನ್ ಲೈನ್) ತೆಗೆದುಕೊಂಡ ಮೇಲೆ ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಮಗಿಲ್ಲ ಎಂದಾದರೆ ರೂಟರಿನಲ್ಲಿ ‘ಸಿಪ್ ಎಎಲ್‌ಜಿ’ ಎಂಬುದನ್ನು ಆಫ್ ಮಾಡಿ ನೋಡಿ. ಬಹಳ ಸಲ ರೋಗ ಅದೇ.

ಸೆಟ್ ಕೆಟ್ಟಿದೆ ಎಂದು ದೂರು ಬಂದು, ಆಮೇಲೆ ಬರೀ ಸೆಟ್ಟಿಂಗ್ ಎಂದು ತಿಳಿಯುವ ಮೂರು ವಿಷಯಗಳನ್ನು ಹೊಸ ಭಾಗ ಬಂದ ದಿನವೇ ನೋಡಿಬಿಡಿ. ನಂಬರ್ ಒತ್ತಿದರೂ ಡಯಲ್ ಟೋನ್ ನಿಲ್ಲದಿದ್ದರೆ ಸೆಟ್‌ನ ಬದಿಯ ಸ್ವಿಚ್ ‘ಪಿ’ಯಲ್ಲಿ (ಪಲ್ಸ್) ಇರಬಹುದು, ‘ಟಿ’ಗೆ (ಟೋನ್) ತಳ್ಳಿ. ಕರೆ ವರ್ಗಾಯಿಸಲು ಫ್ಲ್ಯಾಶ್ ಒತ್ತಿದರೆ ಕರೆಯೇ ಕಡಿದುಹೋಗುತ್ತದೆ ಅಥವಾ ಏನೂ ಆಗುವುದಿಲ್ಲ ಎಂದರೆ ಸೆಟ್‌ನ ಫ್ಲ್ಯಾಶ್ ಸಮಯ ಪೆಟ್ಟಿಗೆಗೆ ಹೊಂದಿಲ್ಲ. ಸೆಟ್‌ಗಳಲ್ಲಿ 100, 300, 600 ಮಿಲಿಸೆಕೆಂಡ್ ಎಂದಿರುತ್ತದೆ, ಎಲ್ಲ ಸಾದಾ ಸೆಟ್‌ಗೂ ಪೆಟ್ಟಿಗೆ ಕೇಳುವ ಒಂದೇ ಅಂಕಿ ಇಡಿ. ಮೂರನೆಯದು ಮೊಬೈಲಿಗೆ ಹೋಗದ ಕರೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲಿಗೆ 0 ಸೇರಿಸಿಯೇ ಒತ್ತಬೇಕು. ಎಷ್ಟೋ ಕಚೇರಿಗಳಲ್ಲಿ ಎಸ್‌ಟಿಡಿ ಖರ್ಚು ತಡೆಯಲೆಂದು 0ಯಿಂದ ಶುರುವಾಗುವ ನಂಬರ್‌ಗಳನ್ನು ಪೆಟ್ಟಿಗೆಯಲ್ಲೇ ನಿರ್ಬಂಧಿಸಿಟ್ಟಿದ್ದಾರೆ, ಈಗ ಅದು ಮೊಬೈಲನ್ನೂ ತಡೆಯುತ್ತದೆ. ಆ ನಿರ್ಬಂಧ ತೆಗೆಸಿ. ಹೊರಲೈನ್ ಹಿಡಿಯಲೂ 0 ಒತ್ತುವ ವ್ಯವಸ್ಥೆ ಇದ್ದರೆ ಎರಡು ಸಲ 0 ಬೇಕೆಂದು ಪ್ರತಿ ಟೇಬಲ್‌ನಲ್ಲಿ ಚೀಟಿ ಅಂಟಿಸಿ. ಹಾಗೆಯೇ ಯಾವ ನಿರ್ಬಂಧ ಇದ್ದರೂ 112 ಎಲ್ಲ ಫೋನಿನಿಂದಲೂ ಹೋಗಲೇಬೇಕು.

ಕರೆಂಟ್ ಹೋದರೆ ಫೋನೂ ಹೋಗುವುದು ಫೈಬರಿನ ಸ್ವಭಾವ. ತಾಮ್ರದ ಕಾಲದಲ್ಲಿ 48 ವೋಲ್ಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ವೈರಿನಲ್ಲೇ ಬರುತ್ತಿತ್ತು, ಗಾಜಿನ ಎಳೆಯಲ್ಲಿ ಅದು ಬರಲಾರದು. ಮಳೆಗಾಲದಲ್ಲಿ ಮರ ಬಿದ್ದು ಸೆಸ್ಕ್ (ವಿದ್ಯುತ್ ಕಂಪನಿ) ಲೈನ್ ಒಂದೆರಡು ದಿನ ಬಾರದಿರುವ ಕಡೆ ಇದಕ್ಕೆ ಮೊದಲೇ ಸಿದ್ಧರಿರಬೇಕು. ಒಎನ್‌ಟಿ (ಫೈಬರ್ ಬಂದು ಸೇರುವ ಪೆಟ್ಟಿಗೆ), ರೂಟರ್, ಇಪಿಎಬಿಎಕ್ಸ್ ಮೂರನ್ನೂ ಕಚೇರಿಯ ಇನ್ವರ್ಟರ್ ಪಾಯಿಂಟಿಗೆ ಹಾಕಿ. ಮೂರೂ ಸೇರಿ 60 ವಾಟ್ ಎಂದಿಟ್ಟುಕೊಂಡರೂ, 12 ವೋಲ್ಟ್ 150 ಎಎಚ್ ಬ್ಯಾಟರಿಯ 1800 ವಾಟ್‌ಅವರ್‌ನಲ್ಲಿ ನಿಜಕ್ಕೂ ಕೈಗೆ ಸಿಗುವ ಅರ್ಧದಿಂದ ಸುಮಾರು 15 ಗಂಟೆ ನಡೆಯುತ್ತದೆ, ಅದೇ ಇನ್ವರ್ಟರಿಗೆ ಫ್ಯಾನು ಲೈಟು ಹಾಕದಿದ್ದರೆ. ಇನ್ವರ್ಟರನ್ನು ಯುಪಿಎಸ್ ಮೋಡ್‌ನಲ್ಲಿಡಿ, ಇಲ್ಲದಿದ್ದರೆ ಕರೆಂಟ್ ಹೋದ ಪ್ರತಿ ಸಲ ಒಎನ್‌ಟಿ ರೀಸ್ಟಾರ್ಟ್ ಆಗಿ ಕೆಲವು ನಿಮಿಷ ಲೈನ್ ಸಿಗುವುದಿಲ್ಲ. ಇನ್ವರ್ಟರ್ ಇಲ್ಲದಿದ್ದರೆ ಒಎನ್‌ಟಿಗೆ ಮಿನಿ ಯುಪಿಎಸ್ ತರಿಸಬಹುದು. ಅದರ ವೋಲ್ಟ್ ಒಎನ್‌ಟಿ ಅಡಾಪ್ಟರಿನ ಲೇಬಲ್‌ನಲ್ಲಿ ಇರುವಷ್ಟೇ ಇರಬೇಕು, ಆಂಪಿಯರ್ ಅದಕ್ಕೆ ಸಮ ಅಥವಾ ಹೆಚ್ಚು.

ತರಿಸುವುದು ಬೆಂಗಳೂರಿನ ಎಸ್‌ಪಿ ರಸ್ತೆಯಿಂದಲೋ ಮೈಸೂರಿನಿಂದಲೋ, ನಿಮ್ಮ ಇಷ್ಟ. ಸರ್ಕಾರಿ ಬಸ್ಸಿನ ಪಾರ್ಸೆಲ್‌ನಲ್ಲಿ ಹಾಕಿಸಿದರೆ ಸಾಮಾನ್ಯವಾಗಿ ಕೊರಿಯರ್‌ಗಿಂತ ಬೇಗ ಕೈಸೇರುತ್ತದೆ. ಮಳೆಗಾಲವಾದ್ದರಿಂದ ಕಾರ್ಡ್ ಮತ್ತು ಸೆಟ್‌ಗಳನ್ನು ರಟ್ಟಿನ ಪೆಟ್ಟಿಗೆಯ ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಲು ಹೇಳಿ. ಬಂದ ಕೂಡಲೆ ಪ್ರತಿ ಸುರುಳಿ ವೈರನ್ನೂ ಸರಿಯಿರುವ ಒಂದೇ ಫೋನಿಗೆ ಹಾಕಿ, ಎಳೆದು, ಕುತ್ತಿಗೆ ಅಲ್ಲಾಡಿಸಿ, ಊದಿ ನೋಡಿ. ಸರಿಯಿಲ್ಲದ್ದನ್ನು ಅದೇ ದಿನ ಫೋಟೊ ಸಮೇತ ತಿಳಿಸಿದರೆ ಅಂಗಡಿಯವರು ಬದಲಿಸಿ ಕೊಡುತ್ತಾರೆ, ತಿಂಗಳು ಕಳೆದ ಮೇಲೆ ಕೇಳುವವರಿರುವುದಿಲ್ಲ.